ಬಿಲ್ಲನ್ನು ಮನೆಯಲ್ಲಿಟ್ಟು ಹೋದ ಬೇಟೆ

ಬೆಟ್ಟದ ಮೇಲೆ ನಿಂತು ನೋಡಿದರೆ ನಮ್ಮ ಊರು ಸಂಜೆ ಹೊತ್ತಿಗೆ ಹೊಗೆಯಿಂದಲೇ ಗುರುತು ಸಿಗುತ್ತಿತ್ತು. ಕಲ್ಲಿನ ಗೋಡೆ, ಕಲ್ಲುಚಪ್ಪಡಿಯ ಮಾಡು, ಎಲ್ಲವೂ ಬೆಟ್ಟದ ಬಣ್ಣದ್ದೇ ಆದ್ದರಿಂದ ಮನೆಗಳು ಕಣ್ಣಿಗೆ ಬೀಳುತ್ತಿರಲಿಲ್ಲ. ಒಂದೊಂದು ಮಾಡಿನಿಂದ ಏಳುವ ಹೊಗೆ ಮಾತ್ರ ಕಾಣುತ್ತಿತ್ತು. ಅದು ಕುಂಬಾರರ ಮನೆಯದು, ಇದು ಗುಡಿಯ ಹಿಂದಿನ ಮುದುಕಿಯದು ಎಂದು ಬೇಟೆಗೆ ಹೋದವರು ಬೆರಳು ಮಾಡಿ ಹೇಳುತ್ತಿದ್ದರು. ಯಾವ ಮನೆಯ ಮೇಲೆ ಹೊಗೆ ಇಲ್ಲವೋ ಆ ಮನೆಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. ನಮ್ಮದು ಬೇಟೆಯ ಊರು. ಪ್ರಾಣಿಗೆ ಗಾಯ ಮಾಡಿ ಅದು ಕೈತಪ್ಪಿ ಹೋಗಲು ಬಿಟ್ಟವನ ಮನೆಯಲ್ಲಿ, ಅದು ಸಿಕ್ಕಿ ಅದರ ನರಳಾಟ ಮುಗಿಯಿತೆಂದು ಗೊತ್ತಾಗುವವರೆಗೆ, ಬೆಂಕಿ ಹಚ್ಚುವಂತಿರಲಿಲ್ಲ. ‘ಒಲೆ ಕಟ್ಟು’ ಎನ್ನುತ್ತಿದ್ದರು ಅದಕ್ಕೆ. ಅಕ್ಕಪಕ್ಕದವರು ತಂಗಳು ಕೊಡಬಹುದು. ಕೆಂಡ ಕೊಡುವ ಹಾಗಿಲ್ಲ, ಬಿಸಿಯಾದದ್ದು ಯಾವುದೂ ಆ ಮನೆಯ ಹೊಸಿಲು ದಾಟುವ ಹಾಗಿಲ್ಲ. ಗಾಯ ಮಾಡಿದವನು ಬೆಟ್ಟದಲ್ಲಿ ಹುಡುಕುತ್ತಿರುವಾಗ ಬೇರೆ ಯಾರಿಗಾದರೂ ಪ್ರಾಣಿ ಸಿಕ್ಕಿದರೆ ಅವರು ಮೊದಲು ಓಡುವುದು ಅವನ ಮನೆಗೆ. ಹೆಂಗಸರು ಒಲೆ ಹಚ್ಚುವರು. ಆ ಹೊಗೆ ಕಂಡವನು ಹುಡುಕಾಟ ಬಿಟ್ಟು ಇಳಿದು ಬರುವನು.

ನನ್ನ ಅಕ್ಕ ದೊಡ್ಡತಾಯಿಯ ಗಂಡ ಜವರಯ್ಯ ಊರಿನ ಹಳೆಯ ಬಿಲ್ಲುಗಾರ. ನಾನು ಬಟ್ಟೆ ಹೊಲಿಯುವವನು. ಸೂಜಿ ಓಡುತ್ತಿದ್ದರೂ ಕಿವಿ ಬೀದಿಯ ಮಾತಿನ ಮೇಲೇ ಇರುವ ಜಾತಿ ನನ್ನದು. ಹಾಗಾಗಿ ಆ ಚಳಿಗಾಲ ಅಕ್ಕನ ಮನೆಯಲ್ಲಿ ಯಾರು ಏನು ಅಂದರು ಎಂಬುದು ಇವತ್ತಿಗೂ ಅವರವರ ದನಿಯಲ್ಲೇ ನನಗೆ ಕೇಳುತ್ತದೆ.

ಅಕ್ಕನ ಮಗಳು ಚೆನ್ನಾಜಿ ಚೊಚ್ಚಲ ಹೆರಿಗೆಗೆ ಬಂದಿದ್ದಳು. ತಿಂಗಳು ತುಂಬುವ ಮೊದಲೇ ಗಂಡುಮಗು ಹುಟ್ಟಿತು. ಎರಡು ಅಂಗೈ ಜೋಡಿಸಿದರೆ ಅದರೊಳಗೆ ಮಲಗುವಷ್ಟು ಕೂಸು. ಬಾಣಂತಿಯ ಮಂಚದ ಕೆಳಗೆ ಹಗಲೂ ರಾತ್ರಿ ಕೆಂಡದ ಕುಂಡ ಇಟ್ಟಿದ್ದರು. ಕೋಣೆಯ ಮೂಲೆಯ ಹಂಡೆಯಲ್ಲಿ ನೀರು ಸದಾ ಕಾಯುತ್ತಿತ್ತು. ಬೆಚ್ಚಗಿಟ್ಟರೆ ಉಳಿಯುತ್ತದೆ ಎಂದು ಸೂಲಗಿತ್ತಿ ಹೇಳಿ ಹೋಗಿದ್ದಳು.

ಹೆಸರಿಡುವ ದಿನ ತಾಯಿಯ ತಂದೆ ತಾನೇ ಹೊಡೆದ ಕಡವೆಯ ಮಾಂಸ ಬೀಗರಿಗೆ ಬಡಿಸಬೇಕು. ಅದೂ ನಮ್ಮ ಊರಿನ ಪದ್ಧತಿಯೇ. ಭಾವ ಗೋಡೆಯ ಮುಂದೆ ನಿಂತಿದ್ದರು. ಒಂದು ಗೂಟದಲ್ಲಿ ಅವರ ಬಿಲ್ಲು; ಇನ್ನೊಂದರಲ್ಲಿ ಅವರ ಮಾವ, ಅಂದರೆ ನಮ್ಮ ಅಪ್ಪ, ಬಿಟ್ಟುಹೋದ ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಗಜದ ಕೋಲಿನಿಂದ ಜಡಿದು ಹೊಡೆಯುವ ಹಳೆಯ ಕೋವಿ. ಭಾವ ಅದನ್ನು ಮುಟ್ಟಿದವರೇ ಅಲ್ಲ.

ಪಕ್ಕದ ಮನೆಯ ಕೆಂಚಮ್ಮಜ್ಜಿ ಜಗಲಿಯಿಂದಲೇ ಕೂಗಿದಳು. "ಏನ್ ಜವರಣ್ಣ, ಎರಡರಲ್ಲಿ ಯಾವಳನ್ನ ಮದ್ವೆ ಆಗ್ಲಿ ಅಂತ ನೋಡ್ತಿದ್ದೀಯಾ? ಬಿಲ್ಲು ಬ್ಯಾಡ ಬುಡು. ನೀನು ನಾರಿ ಎಳೆದ್ರೆ ನಿನ್ನ ಭುಜ ಕಿರುಚೋ ಸದ್ದಿಗೇ ಕಡವೆ ಓಡಿಹೋಯ್ತದೆ."

"ಭುಜ ಕಿರುಚಿದ್ರೂ ಬಾಣ ಕಿರುಚಲ್ಲ ಕಣಜ್ಜಿ," ಅಂದರು ಭಾವ. "ಬಿಲ್ಲು ಅಂದ್ರೆ ಹತ್ರ ಹೋಗ್ಬೇಕು. ಅದರ ಉಸಿರು ಕೇಳೋವಷ್ಟು ಹತ್ರ. ಬಾಣ ನೆಟ್ರೆ ನೆತ್ತರು ದಾರಿ ತೋರಿಸ್ತದೆ. ಕೋವಿದು ಒಂದೇ ಮಾತು. ಆಮೇಲೆ ಬರೀ ಹೊಗೆ. ಬಿತ್ತೋ ಓಡ್ತೋ ಅಂತ ಹೊಗೇನ ಕೇಳ್ಬೇಕು."

ಅಕ್ಕ ಒಳಗಿನಿಂದ ಮೊರ ಹಿಡಿದುಕೊಂಡೇ ಬಂದಳು. "ನೆತ್ತರು ದಾರಿ ತೋರಿಸ್ತದೆ, ಅದು ನೀನು ನಡೆಯೋವಷ್ಟು ದಿನ. ಹೋದ ವರ್ಷ ನಿನ್ನ ಬಾಣ ತಗೊಂಡ ಹಂದಿ ಮೂರು ದಿನ ತಿರುಗಿಸ್ತು, ಮರೆತುಬುಟ್ಯಾ? ಆಗ ನಾವಿಬ್ರೇ ಇದ್ದೋ, ತಣ್ಣನ್ನ ತಿಂದೋ. ಈಗ ಒಳಗೆ ಹಸಿ ಬಾಣಂತಿ ಅವಳೆ. ಪುರುಡು ಕಳೆಯೋಗಂಟ ಅವಳು ಹೊಸಿಲು ದಾಟಂಗಿಲ್ಲ. ಒಲೆ ಆರಿದ್ರೆ ಆ ಮಗೀನ ಎಲ್ಲಿಗೆ ಎತ್ಕೊಂಡ್ ಹೋಗ್ಲಿ? ಕೋವಿ ತಗೊ. ಒಂದೇ ಏಟಿಗೆ ಬೀಳಲಿ."

"ಬ್ಯಾರೆಯವರು ಹೊಡೆದು ಕೊಟ್ರೆ ಆಗಲ್ವಾ ಭಾವ?" ಅಂದೆ ನಾನು.

"ನೀನು ಹೊಲಿಯೋ ಅಂಗಿಗೆ ಪಕ್ಕದ ಬೀದಿಯವನು ಗುಂಡಿ ಹಾಕಿದ್ರೆ ಒಪ್ತೀಯೇನ್ಲಾ?" ಅಂದು ಭಾವ ನಕ್ಕರು. ಆಮೇಲೆ ನಗು ನಿಲ್ಲಿಸಿ ಒಳಕೋಣೆಯ ಕಡೆ ನೋಡಿದರು. ಕೂಸು ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಅಳುತ್ತಿತ್ತು. ಅವರು ಕೈ ಎತ್ತಿ ಕೋವಿಯನ್ನು ಇಳಿಸಿಕೊಂಡರು.

ಮದ್ದು ಮಾರುವವನಿಂದ ಹೊಸ ಮದ್ದು ತಂದು ಮದ್ದಿನ ಕೊಂಬಿಗೆ ತುಂಬಿಸಿದರು. ಹೇಗೆ ಜಡಿಯಬೇಕು, ಕಿಡಿ ಹಾರಿಸುವ ಕೇಪು ಹೇಗೆ ಕೂರಿಸಬೇಕು ಎಂದು ಅವನಿಂದಲೇ ಕಲಿತರು. ಹೆಸರಿಡುವ ದಿನ ಹತ್ತಿರವಾಗುವವರೆಗೆ ಕೊಂಬು ಮನೆಯಲ್ಲೇ ಇತ್ತು. ಆಮೇಲೆ ಒಂದು ಬೆಳಗ್ಗೆ ಹೊರಟೆವು. ಬುತ್ತಿ ಹೊರಲು ನಾನು.

ಕಡವೆ ಸಿಕ್ಕಿದ್ದು ಹುಲ್ಲಿನ ಬೋರೆಗುಡ್ಡದ ಅಂಚಿನಲ್ಲಿ. ದೊಡ್ಡ ಗಂಡು. ತಲೆ ತಗ್ಗಿಸಿ ಮೇಯುತ್ತಿತ್ತು. ಭಾವ ಅಭ್ಯಾಸಬಲದಿಂದ ತುಂಬ ಹತ್ತಿರ ತೆವಳಿದರು; ಅಲ್ಲಿಂದ ಬಾಣವೇ ಸಾಕಿತ್ತು. ಕೋವಿಯನ್ನು ಭುಜಕ್ಕೆ ಕೊಟ್ಟು ಕುದುರೆ ಎಳೆದರು. ಕೇಪು ಚಟ್ಟೆಂದಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದಂಥ ಒಂದು ಮಂಕು ಸದ್ದು. ಮುಖದ ಮುಂದೆ ದಟ್ಟ ಹೊಗೆ. ಹೊಗೆ ಸರಿದಾಗ ಕಡವೆ ಒಂದು ಮುಂಗಾಲು ಮಡಚಿಕೊಂಡೇ ಎದ್ದು, ಕುಂಟುತ್ತ ಕಣಿವೆಗೆ ಇಳಿಯುವುದು ಕಂಡಿತು. ಹುಲ್ಲಿನ ಮೇಲೆ ಸ್ವಲ್ಪ ಕೂದಲು, ಉಗುರಿನಷ್ಟು ನೆತ್ತರು. ಮುಂದೆ ಏನೂ ಇಲ್ಲ.

ಕತ್ತಲಾಗುವ ಮುಂಚೆ ಭಾವ ಮನೆಗೆ ಬಂದರು. ಯಾರೂ ಕೇಳುವ ಮೊದಲೇ ಒಂದು ಕೊಡ ನೀರು ತೆಗೆದು ಒಲೆಗೆ ಹೊಯ್ದರು. ಒಳಗೆ ಹೋಗಿ ಹಂಡೆಯ ಉರಿ ಆರಿಸಿ, ಮಂಚದ ಕೆಳಗಿನ ಕೆಂಡದ ಕುಂಡವನ್ನೂ ಎಳೆದು ತಂದರು. ಅಕ್ಕ ಅದರ ಇನ್ನೊಂದು ಅಂಚನ್ನು ಹಿಡಿದುಕೊಂಡಳು.

"ಇದೊಂದು ಬುಡು," ಅಂದಳು. "ಯಾರಿಗೂ ಕಾಣಲ್ಲ. ಹೊಗೆ ಬರಲ್ಲ ಇದರಿಂದ."

"ಊರಿಗೆ ಹೆದರಿ ಮಾಡ್ತೀನಿ ಅಂದ್ಕೊಂಡ್ಯಾ?" ಭಾವನ ದನಿ ಒಡೆದಿತ್ತು. "ಗಾಯದ ಪ್ರಾಣಿ ಅಲ್ಲಿ ಚಳೀಲಿ ನರಳ್ತಿರೋವಾಗ ನಾವಿಲ್ಲಿ ಬೆಂಕಿ ಕಾಯಿಸಿದ್ರೆ ಅದರ ಸಂಕಟ ಈ ಮನೆಯ ಎಳೆ ಜೀವಕ್ಕೇ ಬರೋದು. ನಮ್ಮ ಅವ್ವ ಕಣ್ಣಾರೆ ಕಂಡವಳು. ಬುಡು ಕೈನ. ಮಗೀಗೋಸ್ಕರನೇ ಹೇಳ್ತಿದ್ದೀನಿ."

ಅಕ್ಕ ಕೈ ಬಿಟ್ಟಳು. ಅವಳೂ ಅದನ್ನು ನಂಬಿದವಳೇ. ಆ ರಾತ್ರಿಯಿಂದ ಹೆಂಗಸರು ಸರದಿಯ ಮೇಲೆ ಕೂಸನ್ನು ರವಿಕೆಯೊಳಗೆ ಎದೆಗೆ ಒತ್ತಿಕೊಂಡು ಕೂತರು.

ನಾವು ನಸುಕಿಗೇ ಬೆಟ್ಟ ಹತ್ತಿದೆವು. ಊರಿನ ಉಳಿದ ಗಂಡಸರೂ ಕಣಿವೆಯ ಆ ಬದಿಯಿಂದ ಹುಡುಕುತ್ತಿದ್ದರು. ಮೊದಲ ದಿನ ಏನೂ ಸಿಗಲಿಲ್ಲ. ಮಾರನೆಯ ದಿನ ಒಂದು ಬಂಡೆಯ ನೆರಳಿನಲ್ಲಿ ಅದು ಮಲಗಿ ಎದ್ದ ಗುರುತು ಕಂಡಿತು. ಹತ್ತಿರವೇ ಇರಬಹುದೆಂದು ಭಾವ ಕೋವಿಗೆ ಮತ್ತೆ ಮದ್ದು ತುಂಬಲು ಕೊಂಬನ್ನು ಅಂಗೈಗೆ ಬಗ್ಗಿಸಿದರು. ಮದ್ದು ಸುರಿಯಲಿಲ್ಲ. ತಟ್ಟಿದಾಗ ಉಂಡೆಯಾಗಿ ಬಿತ್ತು.

ಭಾವ ಅದನ್ನು ಹೆಬ್ಬೆರಳಿನಿಂದ ಒತ್ತಿದರು. ಹಸಿ ಮಣ್ಣಿನ ಹಾಗೆ ಚಪ್ಪಟೆಯಾಯಿತು.

"ಇದನ್ನ ಎಲ್ಲಿ ಇಟ್ಟಿದ್ರಿ ಭಾವ?"

"ಬಿಲ್ಲಿನ ನಾರಿ ಚಳಿಗಾಲದಲ್ಲಿ ತಂಡಿ ಹಿಡೀಬಾರ್ದು ಅಂತ ಬೆಂಕಿ ಇರೋ ಕೋಣೇಲಿ ನೇತು ಹಾಕ್ತೀನಿ," ಅಂದರು. "ಇದಕ್ಕೂ ಹಂಗೇ ಅಂದ್ಕೊಂಡೆ. ಬಾಣಂತಿ ಕೋಣೇಲಿ ಸದಾ ಬೆಂಕಿ ಇರ್ತದೆ. ಕೆಂಡದ ಕಿಡಿ ತಾಕಬಾರ್ದು ಅಂತ ಮೇಲೆ, ತೊಲೆಗೆ ಕಟ್ಟಿದ್ದೆ."

ತೊಲೆಯ ನೇರ ಕೆಳಗೇ ಹಂಡೆ ಇತ್ತು. ಬಾಣಂತಿಗೂ ಕೂಸಿಗೂ ಎರಡು ಹೊತ್ತು ನೀರು. ಆ ಕೋಣೆಯ ಹಬೆಯೆಲ್ಲ ಮೇಲೇರಿ ಕೊಂಬಿಗೇ ತಾಕುತ್ತಿತ್ತು. ಭಾವ ಅಂಗೈಯ ಮದ್ದನ್ನು ಪಂಚೆಗೆ ಒರೆಸಿಕೊಂಡು ಮುಂದಕ್ಕೆ ನಡೆದರು. ಒರೆಸಿದಷ್ಟೂ ಅದು ಪಂಚೆಯ ಮೇಲೆ ಕರ್ರಗೆ ಹರಡಿತು.

ಮಧ್ಯಾಹ್ನ ಕಳೆಯಿತು. ಗಾಳಿ ಚಳಿಯಾಯಿತು. ಒಂದು ಕೊರಕಲಿನ ಬಾಯಲ್ಲಿ ಹೊಸ ಹೆಜ್ಜೆ ಸಿಕ್ಕಿ, ಅದರ ಬೆನ್ನು ಹಿಡಿದು ಇಳಿಯುವುದರಲ್ಲಿದ್ದೆವು. ಆಗ ನಾನು ಸುಮ್ಮನೆ ಊರಿನ ಕಡೆ ತಿರುಗಿದೆ. ಒಂದೊಂದೇ ಮಾಡಿನಿಂದ ಸಂಜೆಯ ಹೊಗೆ ಏಳುತ್ತಿತ್ತು. ಕುಂಬಾರರದು. ಗುಡಿಯ ಹಿಂದಿನ ಮುದುಕಿಯದು. ಕೆಂಚಮ್ಮಜ್ಜಿಯದು. ಅದರ ಪಕ್ಕದಲ್ಲಿ ಇನ್ನೊಂದು.

"ಭಾವ, ನಿಮ್ಮ ಮನೆ!"

ಭಾವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಆಮೇಲೆ ಬಂಡೆಯ ಮೇಲೆ ಕುಸಿದು ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. "ಆ ಬದಿಯವರಿಗೆ ಸಿಕ್ಕಿರಬೇಕು ಕಣ್ಲಾ," ಅಂದರು. "ಸಿಕ್ತು. ಸಿಕ್ತು."

ಇಳಿಯುವ ದಾರಿಯಲ್ಲಿ ಅವರ ಬಾಯಿಗೆ ಬಿಡುವೇ ಇರಲಿಲ್ಲ. ಬೇರೆಯವರು ಮುಗಿಸಿದ ಕಡವೆ ಹೆಸರಿಡುವ ಊಟಕ್ಕೆ ಸಲ್ಲುವುದಿಲ್ಲ, ಇರಲಿ ಬಿಡು, ಬೀಗರ ಕಾಲು ಹಿಡಿದರಾಯಿತು ಅಂದರು. "ಆ ಬೀಗ ತಿನ್ನೋದು ಜಾಸ್ತಿ, ಕೋಪ ಕಮ್ಮಿ. ಎರಡು ಕೋಳಿ ಕುಯ್ದರೆ ಒಲೀತಾನೆ." ಮಗುವಿಗೆ ತಮ್ಮ ಅಪ್ಪನ ಹೆಸರನ್ನೇ ಇಡಿಸುವುದಾಗಿ ಹೇಳಿದರು. ಅದಕ್ಕೊಂದು ಕುಲಾವಿ ಹೊಲಿದು ಕೊಡು, ನಿನ್ನ ಸೂಜಿಗೆ ಸಿಗೋವಷ್ಟು ಸಣ್ಣ ತಲೆ ಅದು ಅಂದರು. ಹೊಲಿಯುತ್ತೇನೆ ಅಂದೆ. ನಾವು ಬಿಟ್ಟುಬಂದ ಹೆಜ್ಜೆಗಳ ಆ ಕಡವೆ ಎಲ್ಲಿ ಹೋಯಿತೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಮನೆಯ ಮುಂದೆ ಹೆಂಗಸರು ಕೂತಿದ್ದರು. ಯಾರೂ ಏಳಲಿಲ್ಲ. ಅಂಗಳದಲ್ಲಿ ಕಡವೆ ಇರಲಿಲ್ಲ.

"ಯಾರಿಗೆ ಸಿಕ್ತಜ್ಜಿ?" ಅಂದರು ಭಾವ, ನಗುವಿನ್ನೂ ಮುಖದಲ್ಲಿರುವಾಗಲೇ.

ಕೆಂಚಮ್ಮಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಸಿಕ್ಕಿಲ್ಲ ಕಣಪ್ಪ."

"ಮತ್ತೆ ಒಲೆ?"

"ಮಧ್ಯಾನ್ನ ಹಾಲು ಕುಡಿಯೋದು ಬುಡ್ತು. ಆಮೇಲೆ ಹಂಗೇ ತಣ್ಣಗಾಗೋಯ್ತು ಕೂಸು, ಅವರವ್ವನ ಎದೆ ಮೇಲೇ." ಅಜ್ಜಿ ನೆಲ ನೋಡುತ್ತ ಹೇಳಿದಳು. "ಹೆಣ ತೊಳೆಯೋ ನೀರು ಕಾಯ್ಸಾಕೆ ಒಲೆ ಕಟ್ಟು ಇಲ್ಲವಂತೆ. ಹಿರೀಕರು ಬಂದು ಹೇಳಿದ್ರು, ಹಚ್ಚಿ ಅಂತ."

ಒಳಗೆ ಚೆನ್ನಾಜಿಯ ದನಿ ಒಮ್ಮೆ ಎದ್ದು ನಿಂತುಹೋಯಿತು. ಅಕ್ಕ ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು ಕಾದ ನೀರಿನ ಪಾತ್ರೆಯನ್ನು ಜಗಲಿಗೆ ತಂದಿಟ್ಟಳು. ಪಕ್ಕದಲ್ಲಿ ಮೊರದ ಮೇಲೆ ಒಂದು ಸಣ್ಣ ಬಿಳಿ ಬಟ್ಟೆಯ ಗಂಟು. ಭಾವ ಕೋವಿಯನ್ನು ಅಂಗಳದಲ್ಲೇ ಕೈಬಿಟ್ಟು ಮೆಟ್ಟಿಲು ಹತ್ತಿದರು. ಗಂಟಿನ ಕಡೆ ನೋಡಲಿಲ್ಲ. ಪಾತ್ರೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನೀರಿಗೆ ಬೆರಳು ಅದ್ದಿದರು.

"ಬಿಸಿ ಜಾಸ್ತಿ ಆಯ್ತು ದೊಡ್ಡತಾಯಿ," ಅಂದರು. "ಮಗೀಗೆ ತಡೆಯಾಕಾಗಲ್ಲ."

ಅಕ್ಕ ಅವರ ಮುಖವನ್ನೇ ನೋಡುತ್ತ ನಿಂತಳು. ಬೈಯುತ್ತಾಳೆಂದು ನಾನು ಅಂದುಕೊಂಡೆ. ಅವಳು ಕೊಡಕ್ಕೆ ಚೊಂಬು ಅದ್ದಿ, ತಣ್ಣೀರು ತಂದು ಪಾತ್ರೆಗೆ ನಿಧಾನವಾಗಿ ಹೊಯ್ದಳು.

"ಇನ್ನೊಂದು ಚೊಂಬು," ಅಂದರು ಭಾವ.

ಅಕ್ಕ ಇನ್ನೊಂದು ಚೊಂಬು ಹೊಯ್ದಳು. ಭಾವ ನೀರಿನಿಂದ ಬೆರಳು ತೆಗೆಯಲಿಲ್ಲ.