ಅಮ್ಮ ಕೈ ಎತ್ತಿದಷ್ಟು

ನಮ್ಮ ಮನೆಯಲ್ಲಿ ಟೇಪು ಇಲ್ಲ ಅಂತಲ್ಲ. ನನ್ನ ಗಂಡ ಬಡಗಿ. ಅವರ ಪ್ಯಾಂಟಿನ ಜೇಬಲ್ಲೊಂದು, ಚೀಲದಲ್ಲೊಂದು, ನನ್ನ ತಲೆ ಕೆಡಿಸೋದಕ್ಕೆ ಅಂತಲೇ ಊಟದ ಮೇಜಿನ ಮೇಲೆ ಇನ್ನೊಂದು. ಆದರೆ ಹಿತ್ತಿಲಿಗೆ ಕಾಲಿಟ್ಟರೆ ಅವು ಯಾವುವೂ ಲೆಕ್ಕಕ್ಕಿಲ್ಲ. ಅಲ್ಲಿ ನಡೆಯೋದು ನನ್ನ ಅಮ್ಮನ ಮೈಯ ಅಳತೆ. ಬೀಜದಿಂದ ಬೀಜಕ್ಕೆ ಅವಳ ಗೇಣು, ಸಾಲಿನಿಂದ ಸಾಲಿಗೆ ಅವಳ ಮೊಳ, ಗುಂಡಿಯ ಆಳಕ್ಕೆ ಅವಳ ಮೊಣಕಾಲು. ಪಾತಿ ಎಷ್ಟು ಅಗಲ ಇರಬೇಕು ಅಂದರೆ, ಅವಳು ಅಂಚಲ್ಲಿ ಕೂತು ಕೈ ಚಾಚಿದರೆ ನಡುವಿನ ಕಳೆ ಸಿಗಬೇಕು, ಅಷ್ಟೆ. ಅಕ್ಕಪಕ್ಕದವರು ಅವಳ ಹತ್ತಿರ ಸಲಹೆ ಕೇಳಿಕೊಂಡು ಬಾಗಿಲವರೆಗೂ ಹೋಗಿ ಮತ್ತೆ ವಾಪಸ್ ಬಂದು, "ಒಂದು ಮೊಳ ಅಂದ್ರಲ್ಲ, ಅದು ನಮ್ಮ ಮೊಳವೋ, ನಿಮ್ಮ ಮೊಳವೋ?" ಅಂತ ನನ್ನ ಕಿವಿಯಲ್ಲಿ ಕೇಳುತ್ತಿದ್ದರು. ಅಮ್ಮನನ್ನೇ ಕೇಳೋ ಧೈರ್ಯ ಯಾರಿಗೂ ಇರಲಿಲ್ಲ.

ಇವರಿಗೆ ಮಾತ್ರ ಆ ಅನುಮಾನವೇ ಇರಲಿಲ್ಲ. ಹೊಸ ಅಳಿಯನಾಗಿ ಬಂದಾಗ ಸೋರೆ ಬಳ್ಳಿಗೆ ಚಪ್ಪರ ಕಟ್ಟಿಕೊಡಿ ಅಂತ ಅಮ್ಮ ಕೇಳಿದ್ದಳು. ಎಷ್ಟು ಎತ್ತರ ಅಂದರೆ ನೆಟ್ಟಗೆ ನಿಂತು ಬಲಗೈ ಎತ್ತಿ ತೋರಿಸಿದ್ದಳು. ಬೆರಳ ತುದಿ ಮೇಲಿನ ಪಟ್ಟಿಗೆ ತಾಗಬೇಕು, ಬಳ್ಳಿಯನ್ನು ಅವಳೇ ಹಿಡಿದು ಹಬ್ಬಿಸಬೇಕು, ಅದಕ್ಕೆ ಯಾರ ಕಾಲೂ ಹಿಡಿಯಬಾರದು. ಇವರು ಹಿಂದಿನಿಂದ ಮೆಲ್ಲಗೆ ಟೇಪು ಹಿಡಿದು ನೋಡಿಕೊಂಡರು. ಆಮೇಲೆ ಅವಳ ಗೇಣು, ಮೊಳ, ಮಾರು ಎಲ್ಲವನ್ನೂ ಹಾಗೇ ಕದ್ದು ಅಳೆದು ಬಾಯಿಪಾಠ ಮಾಡಿದರು. ಅಮ್ಮ ಎರಡು ಮೊಳದ ಗೂಟ ಬೇಕು ಅಂದರೆ ಎದ್ದು ಹೋಗಿ ಕೊಯ್ದು ತಂದು ಕೊಡೋರು, ಕೂದಲಷ್ಟೂ ಹೆಚ್ಚುಕಮ್ಮಿ ಇಲ್ಲ. ಅಮ್ಮ ಊರೆಲ್ಲ ಹೇಳಿಕೊಂಡು ಬರೋಳು. ನಾನು ಹುಟ್ಟಿದ ದಿನ ಇವತ್ತಿಗೂ ಇವರಿಗೆ ನೆನಪಿರೋದಿಲ್ಲ, ಅದು ಬೇರೆ ಮಾತು.

ಈ ಸಲ ಹಳೇ ಚಪ್ಪರಕ್ಕೆ ಗೆದ್ದಲು ಹಿಡಿದಿತ್ತು. ಅಮ್ಮ ಜ್ವರ ಬಂದು ಮಲಗಿದ್ದ ವಾರದಲ್ಲೇ ಇವರು ಅದನ್ನು ಕಿತ್ತು, ಒಳ್ಳೇ ಮರ ತಂದು, ಹೊಸದು ನಿಲ್ಲಿಸಿದರು. ಅವಳು ಎದ್ದು ಬಂದಾಗ ನೋಡಿ ಖುಷಿಪಡಲಿ ಅಂತ. ಅಳತೆ ಕೇಳಲಿಲ್ಲ. ಯಾಕೆ ಕೇಳಬೇಕು? ಬಾಯಿಪಾಠ ಇತ್ತಲ್ಲ.

ನನಗೆ ಗೊತ್ತಿತ್ತು. ಹೋದ ವರ್ಷದಿಂದ ಅಮ್ಮನ ಬಟ್ಟೆಗಳ ಅಂಚು ನೆಲ ಗುಡಿಸುತ್ತಿತ್ತು. ಬಟ್ಟೆ ಹಿಗ್ಗಿದೆ ಅಂತ ಅವಳು ಅಂಗಡಿಯವನನ್ನು ಬೈದುಕೊಂಡು ತಂದು ಕೊಟ್ಟಾಗ ನಾನು ತುಟಿ ಪಿಟಕ್ಕೆನ್ನದೆ ಮಡಚಿ ಹೊಲಿದು ಕೊಟ್ಟಿದ್ದೆ. ಬೆನ್ನು ಬಾಗಿತ್ತು, ಭುಜ ಬಿಗಿದಿತ್ತು. ಹಳೇ ಚಪ್ಪರವೂ ಅವಳ ಜೊತೆಜೊತೆಗೇ ಕುಗ್ಗುತ್ತಾ ಬಂದಿದ್ದರಿಂದ ಬೇರೆ ಯಾರಿಗೂ, ಅವಳಿಗೂ, ಗೊತ್ತಾಗಿರಲಿಲ್ಲ. ಹೊಸ ಕಂಬ ನೆಡುವಾಗಲೇ ನಾನು ಇವರಿಗೆ ಒಂದು ಮಾತು ಹೇಳಬಹುದಿತ್ತು. ಹೊಳೆಯಲೇ ಇಲ್ಲ ಅಂದರೆ ನೀವು ನಂಬಬೇಕು.

ಭಾನುವಾರ ಬೆಳಿಗ್ಗೆ ಎದುರು ಬೇಕರಿಯ ಅಕ್ಕ ಚಪ್ಪರ ನೋಡೋಕೆ ಬಂದಳು. ತನ್ನ ಹಿತ್ತಿಲಿಗೂ ಇಂಥದ್ದೇ ಮಾಡಿಸಬೇಕು ಅಂತ ಇವರ ಹತ್ತಿರ ಮಾತಾಡಿದ್ದಳು. ಆ ತಿಂಗಳು ಇವರಿಗೆ ಬೇರೆ ಕೆಲಸ ಸಿಕ್ಕಿರಲಿಲ್ಲ. ಇವರು ಪಟ್ಟಿಗಳನ್ನು ತಟ್ಟಿ ತಟ್ಟಿ ತೋರಿಸುತ್ತಿದ್ದರು. ಅಮ್ಮ ಜ್ವರದಿಂದ ಎದ್ದು ಅವತ್ತೇ ಮೊದಲ ಸಲ ಹೊರಗೆ ಬಂದಳು. ಸುತ್ತ ಒಂದು ಸಲ ನೋಡಿ, ಚಪ್ಪಲಿ ಬಿಟ್ಟು, ಕಂಬದ ಪಕ್ಕ ನಿಂತು ಕೈ ಎತ್ತಿದಳು. ತಾಗಲಿಲ್ಲ. ಹಿಮ್ಮಡಿ ಎತ್ತಿದಳು. ಆಗಲೂ ಇಲ್ಲ.

"ಅಳಿಯಂದ್ರೇ, ಇದನ್ನ ಯಾರ ಅಳತೆಗೆ ಕಟ್ಟಿದ್ದೀರಿ? ಜಿರಾಫೆ ಸಾಕೋ ಯೋಚನೆ ಇದ್ಯಾ?"

ಬೇಕರಿ ಅಕ್ಕ ಕಿಸಕ್ಕನೆ ನಕ್ಕಳು. ಇವರು ನಗುನಗುತ್ತಲೇ, ಇದು ನಿಮ್ಮದೇ ಅಳತೆ ಅತ್ತೆ, ಒಂದು ನೂಲು ಕೂಡ ಬದಲಾಗಿಲ್ಲ ಅಂದರು. ಅಷ್ಟಕ್ಕೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅಮ್ಮನಿಗೆ ಕೋಪ ಮೂಗಿನ ತುದಿಯಲ್ಲಿ. ತನ್ನ ಅಳತೆ ತನಗೆ ಗೊತ್ತಿಲ್ಲವೇ ಅಂದಳು. ಈಚೆಗೆ ಇವರ ಕೈ ಹಿಡಿತ ತಪ್ಪಿದೆ, ಗಮನ ಎಲ್ಲೋ ಇರುತ್ತೆ ಅಂದಳು. ಅದೂ ಸಾಲದು ಅಂತ ಬೇಕರಿ ಅಕ್ಕನ ಕಡೆ ತಿರುಗಿ, ಕೆಲಸ ಕೊಡೋ ಮುಂಚೆ ಇನ್ನೊಬ್ಬರ ಹತ್ತಿರವೂ ವಿಚಾರಿಸಿ ಅಂದುಬಿಟ್ಟಳು. ಇವರ ಮುಖ ಕಪ್ಪಿಟ್ಟಿತು. ಜೇಬಿಂದ ಟೇಪು ತೆಗೆದರು.

ಹೋಗಲಿ ಬಿಡ್ರೀ, ಸಂಜೆ ಕಂಬ ಒಂದಿಷ್ಟು ಕೊಯ್ದರಾಯಿತು ಅಂತ ನಾನು ಅಡ್ಡ ಬರಬೇಕಿತ್ತು. ಬರಲಿಲ್ಲ. ಗಂಡನ ಕೆಲಸಕ್ಕೆ ಗಿರಾಕಿಯ ಎದುರೇ ಮಸಿ ಬಳಿದಳಲ್ಲ ಅಂತ ನನಗೂ ಉರಿದುಹೋಗಿತ್ತು. ಅದು ಒಂದು. ಇನ್ನೊಂದು ಹೇಳೋಕೆ ನಾಚಿಕೆಯಾಗುತ್ತೆ. ಇಷ್ಟು ವರ್ಷ ಯಾವುದರಲ್ಲೂ ಸೋಲದ ಹೆಂಗಸು ಒಂದೇ ಒಂದು ಸಲ ಸೋಲೋದನ್ನು ನೋಡಬೇಕು ಅಂತ ನನಗೆ ಆಸೆಯಾಯಿತು. ಟೇಪಿನ ತುದಿ ಇಸಕೊಂಡು ಬಗ್ಗಿ ಕಂಬದ ಬುಡಕ್ಕೆ ಹಿಡಿದವಳು ನಾನೇ.

ಕಂಬ ಸರಿಯಾಗಿತ್ತು. ಅಮ್ಮ ಟೇಪು ನೋಡಿ, ಅದೆಲ್ಲ ನನಗೆ ಬೇಡ, ನನ್ನ ಕೈ ಸುಳ್ಳು ಹೇಳುತ್ತಾ ಅಂದಳು. ಹಾಗಾದರೆ ನಿಂತುಕೊಳ್ಳಿ ಅತ್ತೆ, ಕೈ ಎತ್ತಿ, ಎಲ್ಲರೂ ನೋಡೇಬಿಡಲಿ ಅಂದರು ಇವರು. ಅವಳು ನಿಂತಳು. ತಾನೇ ಗೆದ್ದೆ ಅನ್ನೋ ಠೀವಿಯಲ್ಲೇ ಕಂಬಕ್ಕೆ ಬೆನ್ನು ಕೊಟ್ಟು ನಿಂತು ಕೈ ಎತ್ತಿದಳು. ಭುಜ ಪೂರ್ತಿ ಏಳಲಿಲ್ಲ. ಮೊಣಕೈ ನೆಟ್ಟಗಾಗಲಿಲ್ಲ. ಹಲ್ಲು ಕಚ್ಚಿ ಎತ್ತುತ್ತಿದ್ದಾಳೆ ಅಂತ ಕೆಳಗೆ ಕೂತಿದ್ದ ನನಗೆ ಅವಳ ಕಾಲ್ಬೆರಳು ನೋಡಿದರೇ ಗೊತ್ತಾಗುತ್ತಿತ್ತು, ಮಣ್ಣನ್ನು ಕಚ್ಚಿ ಹಿಡಿದಿದ್ದವು. ಇವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅವಳ ಬೆರಳ ತುದಿಯ ಮಟ್ಟಕ್ಕೆ ಕಂಬದ ಮೇಲೆ ಒಂದು ಗೆರೆ ಎಳೆದರು. ಗೆರೆಗೂ ಮೇಲಿನ ಪಟ್ಟಿಗೂ ನಡುವೆ ನನ್ನ ಅಂಗೈ ಅಡ್ಡಡ್ಡ ಹಿಡಿಸುವಷ್ಟು ಜಾಗ.

"ನೋಡಿ. ಕಂಬ ಬೆಳೆದಿಲ್ಲ ಅತ್ತೆ. ನೀವು ಕುಗ್ಗಿದ್ದೀರಿ."

ಅಮ್ಮ ತಲೆ ಎತ್ತಿ ಗೆರೆ ನೋಡಿದಳು, ಪಟ್ಟಿ ನೋಡಿದಳು. ಕೈ ಇಳಿಸಲಿಲ್ಲ. ಯಾರಾದರೂ ಇನ್ನು ಸಾಕು ಅಂತ ಹೇಳಲಿ ಅಂತ ಕಾಯೋ ಶಾಲೆ ಮಗುವಿನ ಹಾಗೆ ಹಾಗೇ ನಿಂತಿದ್ದಳು. ಇಳಿಸಮ್ಮ ಅನ್ನಬೇಕಿದ್ದ ನಾನು ಟೇಪಿನ ತುದಿಯನ್ನು ಬುಡಕ್ಕೆ ಒತ್ತಿ ಹಿಡಿದೇ ಇದ್ದೆ. ಬೇಕರಿ ಅಕ್ಕ ಒಲೆ ಮೇಲೆ ಹಾಲಿಟ್ಟು ಬಂದಿದ್ದೇನೆ ಅಂತ ಹೇಳಿ ಜಾಗ ಖಾಲಿ ಮಾಡಿದಳು. ಗೇಟಿನ ಸದ್ದಾದ ಮೇಲೆ ಅಮ್ಮ ಎಡಗೈಯಿಂದ ಬಲಗೈಯನ್ನು ಹಿಡಿದು ಇಳಿಸಿಕೊಂಡಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಇವರ ಸಿಟ್ಟು ಇಳಿಯೋಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಗರಗಸ ತಂದರು. ಅಡುಗೆಮನೆ ಕಿಟಕಿಯಿಂದ ಅಮ್ಮನ ದನಿ ಬಂತು: ಕಂಬ ಮುಟ್ಟಬೇಡಿ, ನಿಮ್ಮ ಅಳತೆ ಸರಿಯಾಗಿದೆ, ನನ್ನದೇ ತಪ್ಪು. ಅವಳು ಯಾವತ್ತೂ ಯಾರಿಗೂ ಆ ಮಾತು ಹೇಳಿದವಳಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಇವರು ಗರಗಸ ಕೆಳಗಿಟ್ಟು, ಮರಳುಕಾಗದ ತಗೊಂಡು ಆ ಪೆನ್ಸಿಲ್ ಗೆರೆ ಉಜ್ಜಿದರು. ಗೆರೆ ಹೋಯಿತು. ಉಜ್ಜಿದ ಜಾಗ ಬೆಳ್ಳಗಾಗಿ, ಗೆರೆಗಿಂತ ದೂರದಿಂದ ಕಾಣತೊಡಗಿತು. ಇವರು ಅವತ್ತು ಊಟ ಮಾಡಲಿಲ್ಲ.

ಆಮೇಲೆ ಅಮ್ಮ ಹಿತ್ತಿಲ ಕಡೆ ತಲೆಯನ್ನೇ ಹಾಕಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಳಿಯನ ಹತ್ತಿರ ಮೊದಲಿಗಿಂತ ಮರ್ಯಾದೆಯಿಂದ ಮಾತಾಡುತ್ತಿದ್ದಳು. ಇವರಿಗೆ ಅದು ಮುಳ್ಳು ಚುಚ್ಚಿದ ಹಾಗೆ. ಹೋಗಿ ಸಮಾಧಾನ ಹೇಳು ಅಂತ ನನ್ನನ್ನು ತಳ್ಳುತ್ತಿದ್ದರು. ನೀವೇ ಹೇಳಿ ಅಂತ ನಾನು ಅವರನ್ನು. ಬೀನ್ಸ್ ಬಿತ್ತೋ ಹೊತ್ತು ಮೀರುತ್ತಿತ್ತು. ಪಾತಿಯನ್ನು ಇವರೇ ಅಗೆದು ಹದ ಮಾಡಿಟ್ಟರು, ಬಿತ್ತೋ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಅದು ಅವಳ ಕೆಲಸ. ಅದನ್ನೂ ಕಿತ್ತುಕೊಂಡರೆ ಅವಳಿಗೆ ಉಳಿಯೋದೇನು?

ನಿನ್ನೆ ಬಟ್ಟೆ ಒಣಹಾಕೋಕೆ ಹೋದಾಗ ಅಮ್ಮ ಪಾತಿಯ ಅಂಚಲ್ಲಿ ಕೂತಿದ್ದಳು. ಮಡಿಲಲ್ಲಿ ಬೀಜ. ಎಷ್ಟು ಹೊತ್ತಿಂದ ಕೂತಿದ್ದಳೋ, ಮಣ್ಣಲ್ಲಿ ಒಂದೂ ಇಳಿದಿರಲಿಲ್ಲ. ಬಲಗೈ ಮಣ್ಣಿನ ಮೇಲೆ ಅಗಲವಾಗಿ ಚಾಚಿತ್ತು, ಹೆಬ್ಬೆರಳಿಂದ ಕಿರುಬೆರಳಿಗೆ. ಗಂಟು ಕಟ್ಟಿದ ಬೆರಳುಗಳು. ನನ್ನನ್ನು ನೋಡಿ ಕರೆದಳು.

"ಇದು ಗೇಣು ಹೌದೇನೇ?"

ಜೀವಮಾನದಲ್ಲಿ ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು ಅಂತ ಕಾಣುತ್ತೆ. ನಾನು ಹೌದು ಅಂದೆ. ಮತ್ತೇನು ಅನ್ನಲಿ? ಅವಳು ನಂಬಲಿಲ್ಲ. ನಿನ್ನ ಕೈ ಇಡು, ನೋಡೋಣ ಅಂದಳು. ನಾನು ಬಟ್ಟೆ ಬುಟ್ಟಿ ಇಳಿಸಿ, ಪಕ್ಕದಲ್ಲಿ ಕೂತು, ಅವಳ ಕೈಯ ಪಕ್ಕ ನನ್ನ ಕೈ ಇಟ್ಟೆ. ನನ್ನದು ಉದ್ದ ಬರುತ್ತೆ ಅಂತ ಗೊತ್ತಾದ ಕೂಡಲೇ ಕಿರುಬೆರಳನ್ನು ಮೆಲ್ಲಗೆ ಒಳಕ್ಕೆ ಮಡಚಿಕೊಂಡೆ. ಎರಡೂ ಒಂದೇ ಸಮ ಕಂಡವು.

ಅಮ್ಮ ನನ್ನ ಬೆರಳನ್ನೇ ನೋಡುತ್ತಿದ್ದಳು.

"ಮಡಚಬೇಡ," ಅಂದಳು. "ಸರಿಯಾಗಿ ಚಾಚು."

ಚಾಚಿದೆ. ಅವಳು ತನ್ನ ಕೈ ತೆಗೆದುಕೊಂಡು, ಮಡಿಲಿಂದ ಒಂದು ಬೀಜ ಆರಿಸಿ, ನನ್ನ ಕಿರುಬೆರಳು ಮುಗಿದಲ್ಲಿ ಒತ್ತಿ ಮಣ್ಣು ಮುಚ್ಚಿದಳು. ಇನ್ನೊಂದು ಬೀಜ ಹಿಡಿದು, ನಾನು ಕೈ ಮುಂದಕ್ಕೆ ಇಡಲಿ ಅಂತ ಕಾದಳು.