ಮೊದಲ ತುತ್ತಿನ ಮದ್ದು

ಸಾರಿನ ಡಬ್ಬಿಗೆ ಪ್ಲಾಸ್ಟಿಕ್ ಕವರು ಸುತ್ತಿ, ಅದರ ಮೇಲೆ ಹಳೇ ಟವೆಲ್ಲು ಬಿಗಿದು, ಬೈರಕೂರಿನಿಂದ ಬರುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದರು ಆದಿಲಕ್ಷ್ಮಮ್ಮ. ಕೋಲಾರದ ಫಾರ್ಮಸಿ ಕಾಲೇಜೊಂದರಲ್ಲಿ ಪಾಠ ಹೇಳುವ ಮಗಳು ರಾಧಾ ಅದನ್ನು ಬಸ್ ನಿಲ್ದಾಣದಲ್ಲಿ ಇಸಕೊಂಡು ಇನ್ನೂ ಆಟೋ ಹತ್ತಿರಲಿಲ್ಲ, ಫೋನು ಬಂತು.

"ಬಂತೇನೇ?"

"ಬಂತಮ್ಮ. ಚೆಲ್ಲಿಲ್ಲ."

"ಚೆಲ್ಲಿದ್ರೂ ಪರವಾಗಿಲ್ಲ, ಮದ್ದು ತಳದಲ್ಲಿ ನಿಂತಿರುತ್ತೆ. ನಿನ್ನ ಗಾಜಿನ ಮೇಲೆ ಹಾಕಿ ನೋಡು. ಮಂದು ಪೆಟ್ಟಿಂದಿ ನಾಕು, ನನ್ನ ಮಾತು ಸುಳ್ಳಾದ್ರೆ ಕೇಳು."

ಸಿಟ್ಟು ಬಂದರೆ ಅಮ್ಮನ ಬಾಯಲ್ಲಿ ತೆಲುಗು ಬರುತ್ತದೆ; ನನಗೆ ಮದ್ದು ಹಾಕಿದ್ದಾಳೆ ಎಂದು ಅವರ ದೂರು. ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ಆ ಸೀಮೆಯಲ್ಲಿ ಮದ್ದು ಎಂಬ ಮಾತಿಗೆ ಎರಡು ಮುಖ. ಕಾಯಿಲೆ ವಾಸಿ ಮಾಡುವುದೂ ಮದ್ದು, ಊಟದಲ್ಲಿ ಕದ್ದು ಬೆರೆಸಿ ಆಳನ್ನು ನಿಧಾನವಾಗಿ ಕೆಡಿಸುವುದೂ ಮದ್ದು. ಆದಿಲಕ್ಷ್ಮಮ್ಮನ ಮುಖ ಕೆಲವು ತಿಂಗಳಿಂದ ಊದಿ ದುಂಡಗಾಗಿತ್ತು. ಕೈಕಾಲು ಸಣ್ಣಗಾಗಿ ಹೊಟ್ಟೆ ಮುಂದೆ ಬಂದಿತ್ತು. ತೋಳಿಗೆ ಬಾಗಿಲು ತಾಗಿದರೂ ಕಪ್ಪಗೆ ಕಲೆ ಬೀಳುತ್ತಿತ್ತು. ಇದೆಲ್ಲ ಸೊಸೆ ಸುನಂದಳ ಕೈಯ ಕೆಲಸ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಸುನಂದ ಟೇಕಲ್ ಕಡೆಯ ಹುಡುಗಿ. ಮದುವೆಯಾಗಿ ಬಂದ ವರ್ಷವೇ ಅತ್ತೆಗೆ ಹೀಗಾಗಿದ್ದು ಅವಳ ದುರದೃಷ್ಟ.

ರಾಧಾಳ ತಮ್ಮ ಉದಯಕುಮಾರ್ ಅಮ್ಮನಿಗೂ ಹೆಂಡತಿಗೂ ನಡುವೆ ನಿಂತು ಸೋತಿದ್ದ. "ಅಕ್ಕ, ನೀನು ಒಂದು ಮಾತು ಹೇಳಿಬಿಡು, ಇದೆಯೋ ಇಲ್ವೋ. ಇದ್ರೆ ಭಾನುವಾರ ಇವಳನ್ನ ಟೇಕಲ್‌ಗೆ ಬಿಟ್ಟು ಬರ್ತೀನಿ. ಸೋಮವಾರ ಅಮ್ಮನ್ನ ಗಡಿಯಾಚೆ ಮದ್ದು ತೆಗೆಯೋರ ಹತ್ರ ಕರ್ಕೊಂಡು ಹೋಗ್ತೀನಿ" ಎಂದಿದ್ದ. ಮದ್ದು ತೆಗೆಯುವವರು ಕಷಾಯ ಕುಡಿಸಿ ವಾಂತಿ ಮಾಡಿಸುತ್ತಾರೆ. ಆಮೇಲೆ ಹಲವು ದಿನ ಬರೀ ಗಂಜಿ, ಬೇರೆ ಏನೂ ಬಾಯಿಗೆ ಹಾಕುವಂತಿಲ್ಲ.

ರಾಧಾಳಿಗೆ ಅಮ್ಮನ ಮುಖ ನೋಡಿದಾಗಲೇ ಇದು ಸ್ಟೀರಾಯ್ಡ್ ಔಷಧಿಯಿಂದ ಬಂದ ಊತ ಎಂಬ ಅನುಮಾನ ಬಂದಿತ್ತು. ಆದರೆ ಮುಳಬಾಗಿಲಿನ ಡಾಕ್ಟರು ಏನಾದರೂ ಮದ್ದು ತಗೋತೀರಾ ಎಂದು ಎರಡೆರಡು ಸಲ ಕೇಳಿದಾಗಲೂ ಅಮ್ಮ ಇಲ್ಲ ಎಂದೇ ಹೇಳಿದ್ದರು. ಸಾರಿನಲ್ಲಿ ಏನೂ ಸಿಗುವುದಿಲ್ಲ, ಅದನ್ನು ತೋರಿಸಿ ಅಮ್ಮನ ಬಾಯಿ ಮುಚ್ಚಿಸಬಹುದು ಎಂದುಕೊಂಡೇ ಅವಳು ಆ ಸಂಜೆ ಪ್ರಯೋಗಾಲಯದ ಬಾಗಿಲು ತೆಗೆದಳು.

ಕೆಲಸ ಸರಳವಾದದ್ದು. ಮೈಮೇಲೆ ಸಿಲಿಕಾ ಪುಡಿಯ ತೆಳು ಪದರವಿರುವ ಅಂಗೈ ಅಗಲದ ಗಾಜಿನ ಪ್ಲೇಟು. ಅದರ ಕೆಳಗಡೆ ಪೆನ್ಸಿಲಿನಲ್ಲಿ ಒಂದು ಗೆರೆ. ಪೆನ್ನಿನಲ್ಲಿ ಎಳೆದರೆ ಶಾಯಿಯೂ ಮೇಲೇರುತ್ತದೆ. ಗೆರೆಯ ಮೇಲೆ ಒಂದು ಕಡೆ ಗೊತ್ತಿರುವ ಔಷಧಿಯ ಚುಕ್ಕೆ, ಪಕ್ಕದಲ್ಲಿ ಸಾರಿನಿಂದ ಬೇರ್ಪಡಿಸಿದ ಸಾರದ ಚುಕ್ಕೆ. ಪ್ಲೇಟಿನ ಬುಡವನ್ನು ದ್ರಾವಕದಲ್ಲಿ ನಿಲ್ಲಿಸಿದರೆ ಬತ್ತಿಗೆ ಎಣ್ಣೆ ಏರಿದಂತೆ ದ್ರಾವಕ ಮೇಲೇರುತ್ತದೆ, ಚುಕ್ಕೆಗಳನ್ನೂ ಎಳೆದುಕೊಂಡು ಹೋಗುತ್ತದೆ. ಒಂದೊಂದು ವಸ್ತುವೂ ತನಗೆ ತಕ್ಕಷ್ಟೇ ದೂರ ಹೋಗಿ ನಿಲ್ಲುತ್ತದೆ. ಒಂದೇ ಎತ್ತರದಲ್ಲಿ ನಿಂತವು ಒಂದೇ ವಸ್ತು ಇರಬಹುದು. ಇರಬಹುದು ಅಷ್ಟೇ, ಖಚಿತ ಎಂದು ಹೇಳಲು ಇನ್ನೂ ಪರೀಕ್ಷೆ ಬೇಕು.

ದೀಪ ಆರಿಸಿ ನೇರಳಾತೀತ ಬೆಳಕು ಹಾಕಿದಳು. ಹಸಿರಾಗಿ ಹೊಳೆಯುವ ಪ್ಲೇಟಿನ ಮೇಲೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್‌ನ ಕಪ್ಪು ಚುಕ್ಕೆ. ಸಾರಿನ ಸಾಲಿನಲ್ಲೂ ಅದೇ ಎತ್ತರದಲ್ಲಿ ಇನ್ನೊಂದು. ಸ್ಟೀರಾಯ್ಡ್ ಗುರುತಿಸುವ ದ್ರಾವಣ ಸಿಂಪಡಿಸಿದಳು. ಎರಡೂ ಒಟ್ಟೊಟ್ಟಿಗೆ ನೇರಳೆಗೆ ತಿರುಗಿದವು.

ರಾಧಾ ಸ್ಟೂಲಿನ ಮೇಲೆ ಕೂತುಬಿಟ್ಟಳು. ಸುನಂದ? ಅತ್ತಿಗೆ, ಅತ್ತಿಗೆ ಎಂದು ಹಿಂದೆ ಮುಂದೆ ತಿರುಗುವ, ಹೊರಡುವಾಗೆಲ್ಲ ಚೀಲಕ್ಕೆ ಹುಣಸೆಹಣ್ಣು ತುರುಕುವ ಹುಡುಗಿ?

ಪಕ್ಕದ ಕೋಣೆಯಿಂದ ಬಂದ ಸಹೋದ್ಯೋಗಿ ಶ್ರೀಧರ್ ಪ್ಲೇಟು ಎತ್ತಿ ನೋಡಿದ.

"ಬ್ಲಾಂಕ್ ಎಲ್ಲಿ ಮೇಡಂ?"

"ಏನು?"

"ಔಷಧಿ ಇಲ್ಲದ ಸಾರು, ಹೋಲಿಸಿ ನೋಡೋಕೆ. ಮಕ್ಕಳು ಹಿಂಗೆ ತಂದ್ರೆ ಮಾರ್ಕ್ಸಿಗೆ ಕತ್ತರಿ ಹಾಕ್ತೀರ, ನಿಮಗೆ ಮಾತ್ರ ವಿನಾಯಿತಿನಾ?"

ಅವನು ತಮಾಷೆಗೆ ಅಂದ. ರಾಧಾಳ ಕೆನ್ನೆಗೆ ಹೊಡೆದಂತಾಯಿತು. ಹೋಲಿಸಿ ನೋಡದೆ ಯಾವ ಚುಕ್ಕೆಯನ್ನೂ ನಂಬಬೇಡಿ ಎಂದು ವರ್ಷವೂ ಹೇಳುವವಳು ಅವಳೇ. ತಮ್ಮನಿಗೆ ಫೋನು ಮಾಡಿ, "ಇನ್ನೂ ಮುಗಿದಿಲ್ಲ ಕಣೋ, ನಾಳೆ ನಾನೇ ಬರ್ತೀನಿ" ಎಂದಷ್ಟೇ ಹೇಳಿದಳು.

ಶನಿವಾರ ಮಧ್ಯಾಹ್ನ ಬೈರಕೂರಿನ ಮನೆಗೆ ಬಂದಾಗ ಸುನಂದಳ ಬಟ್ಟೆಯ ಬ್ಯಾಗು ಗೋಡೆಗೆ ಒರಗಿತ್ತು. ಸುನಂದ ಮುದ್ದೆ ಇಟ್ಟು, ಅವರೆಕಾಳಿನ ಸಾರು ಬಿಟ್ಟು, ಒಳಗೆ ಹೋದಳು. ಆದಿಲಕ್ಷ್ಮಮ್ಮ ತಟ್ಟೆಯನ್ನು ಕಿಟಕಿ ಹತ್ತಿರಕ್ಕೆ ಎಳೆದುಕೊಂಡು, ಏನಾದರೂ ಬೆರೆತಿದೆಯೇ ಎಂದು ಬೆಳಕಿನಲ್ಲಿ ಸಾರನ್ನು ದಿಟ್ಟಿಸಿದರು. ಸೊಂಟದ ಎಲೆಯಡಿಕೆ ಚೀಲದಿಂದ ಪೊಟ್ಟಣ ತೆಗೆದು, ಕಂದು ಪುಡಿಯನ್ನು ಸಾರಿನ ಮೇಲೆ ಉದುರಿಸಿ, ಮುದ್ದೆ ಮುರಿದು ಅದರಲ್ಲಿ ಅದ್ದಿ ಮೊದಲ ತುತ್ತು ನುಂಗಿದರು.

"ಅದೇನಮ್ಮ?"

"ಬೇರು ಕಣೇ. ಮಂಡಿನೋವಿಗೆ. ನಂಗಲಿ ಹತ್ರ ರೋಡಲ್ಲಿ ಗುಡಾರ ಹಾಕ್ಕೊಂಡು ಮಾರ್ತಾನೆ, ಲಾರಿಯೋರೆಲ್ಲ ತಗೋತಾರೆ. ಮೊದಲ ತುತ್ತಿಗೆ ಹಾಕ್ಕೊಬೇಕು. ಹಾಕ್ಕೊಂಡ ವಾರಕ್ಕೆ ನೋವು ಮಂಗಮಾಯ."

"ಡಾಕ್ಟ್ರು ಕೇಳಿದಾಗ ಯಾಕೆ ಹೇಳ್ಲಿಲ್ಲ?"

"ಅವರು ಮದ್ದು ತಗೋತೀರಾ ಅಂದ್ರು. ಇದು ಬೇರು. ಮದ್ದು ಯಾಕಾಗುತ್ತೆ?"

"ಡಬ್ಬಿಗೆ ಹಾಕಿ ಕಳಿಸಿದ್ಯಲ್ಲ ಸಾರು, ಅದನ್ನ ಎಲ್ಲಿಂದ ತಗೊಂಡೆ?"

ಆದಿಲಕ್ಷ್ಮಮ್ಮ ಮಗಳ ದಡ್ಡತನಕ್ಕೆ ಮರುಗಿದವರಂತೆ ನೋಡಿದರು. "ನನ್ನ ತಟ್ಟೆಯಿಂದಲೇ ಬಗ್ಗಿಸಿದೆ. ಮದ್ದು ಹಾಕೋರು ಪಾತ್ರೆಗೆ ಹಾಕ್ತಾರೇನೇ? ಗಂಡನೂ ಅದನ್ನೇ ಉಣ್ಣಲ್ವಾ? ತಟ್ಟೆಗೇ ಹಾಕೋದು. ಓದ್ಕೊಂಡಿದೀಯ, ಅಷ್ಟು ಗೊತ್ತಾಗಲ್ವಾ?"

ಸ್ಟೀರಾಯ್ಡ್ ಬೆರೆತ ಪುಡಿ ಎಂದು ರಾಧಾ ಬಿಡಿಸಿ ಹೇಳಿದಾಗ ಅವರು ಪೊಟ್ಟಣವನ್ನು ಕಿಟಕಿಯಾಚೆ ಎಸೆಯಲು ಕೈ ಎತ್ತಿದರು. ರಾಧಾ ಮಣಿಕಟ್ಟು ಹಿಡಿದಳು. "ಹಂಗೆಲ್ಲ ನಿಲ್ಲಿಸೋ ಹಾಗಿಲ್ಲಮ್ಮ. ತಿಂಗಳುಗಟ್ಟಲೆ ಹೊರಗಿಂದ ಬಂದ್ರೆ ಮೈ ತಾನೇ ಅದನ್ನ ತಯಾರಿಸೋದು ಬಿಟ್ಟುಬಿಟ್ಟಿರುತ್ತೆ. ಒಂದೇ ಸಲ ನಿಲ್ಲಿಸಿದ್ರೆ ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು." ಸೋಮವಾರ ವಾಂತಿ ಮಾಡಿಸಿ ಬರೀ ಗಂಜಿಗೆ ಇಳಿಸಿದ್ದರೆ ಈ ಪುಡಿಯೂ ಒಮ್ಮೆಗೇ ನಿಲ್ಲುತ್ತಿತ್ತು; ಅವಳು ಪೊಟ್ಟಣವನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

ಅಂದು ಸಂಜೆಯೇ ಮುಳಬಾಗಿಲಿನ ಡಾಕ್ಟರಿಗೆ ತೋರಿಸಿದರು. ಅವರು ರಕ್ತಪರೀಕ್ಷೆಗೆ ಬರೆದು, ಪುಡಿಯ ಬದಲು ಮಾತ್ರೆ ಕೊಟ್ಟು, ವಾರವಾರವೂ ಕಡಿಮೆ ಮಾಡುತ್ತಾ ಹೋಗುವ ಕ್ರಮ ಹೇಳಿದರು.

ಭಾನುವಾರ ಉದಯಕುಮಾರ್ ಟೇಕಲ್‌ಗೆ ಹೋಗಲಿಲ್ಲ. ಪುಡಿ ಮತ್ತು ಪಾತ್ರೆಯ ಸಾರು ಹಿಡಿದುಕೊಂಡು ಅಕ್ಕನ ಜತೆ ಕೋಲಾರಕ್ಕೆ ಬಂದ. ಈ ಸಲ ಪ್ಲೇಟಿನಲ್ಲಿ ನಾಲ್ಕು ಸಾಲು. ಔಷಧಿ, ಪುಡಿ, ತಟ್ಟೆಯ ಸಾರು ಒಂದೇ ಎತ್ತರದಲ್ಲಿ ನೇರಳೆಯಾದವು. ಪಾತ್ರೆಯ ಸಾರಿನ ಸಾಲಿನಲ್ಲಿ ಆ ಜಾಗ ಖಾಲಿಯಾಗಿತ್ತು.

"ಹಾಗಾದ್ರೆ ಸುನಂದ ಮಾಡೋ ಸಾರಲ್ಲಿ ಏನೂ ಇಲ್ಲ ಅಂತಾಯ್ತು" ಎಂದ ಉದಯಕುಮಾರ್.

ಹೌದು ಎಂದುಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ರಾಧಾ ಪ್ಲೇಟನ್ನು ಅವನ ಕಡೆ ತಿರುಗಿಸಿದಳು.

"ನಾನು ಹುಡುಕಿದ ವಸ್ತು ಇದರಲ್ಲಿಲ್ಲ. ಹುಡುಕದೇ ಇರೋದನ್ನ ಇದು ಹೇಳಲ್ಲ."

"ಮತ್ತೆ ಸುನಂದ…?"

"ಅವಳ ಮೇಲೆ ನಂಬಿಕೆ ಬರೋಕೆ ನಿಂಗೆ ಪ್ಲೇಟು ಬೇಕಾ ಉದಯ?"

ಅವನು ಪ್ಲೇಟಿನ ಖಾಲಿ ಸಾಲನ್ನೇ ನೋಡುತ್ತಾ ನಿಂತ. ಅಕ್ಕನ ಜತೆ ಊರಿಗೆ ವಾಪಸು ಬಂದವನೇ ಗೋಡೆಗೊರಗಿದ್ದ ಬ್ಯಾಗನ್ನು ಎತ್ತಿಕೊಂಡು ಹೋಗಿ ಒಳಕೋಣೆಯ ಬೀರುವಿನ ಮುಂದೆ ಇಟ್ಟ. ಸುನಂದ ನೋಡಿದಳು. ಬ್ಯಾಗನ್ನು ಬಿಚ್ಚಲಿಲ್ಲ.

ಮಾರನೇ ಬೆಳಗ್ಗೆ ಮಾತ್ರೆಯ ಹೊತ್ತಾಯಿತು. ಆದಿಲಕ್ಷ್ಮಮ್ಮನ ಕಣ್ಣಿಗೆ ಪೊರೆ ಬಂದಿತ್ತು, ಸಣ್ಣ ಮಾತ್ರೆ ಕಾಣುತ್ತಿರಲಿಲ್ಲ. ಉದಯಕುಮಾರ್ ಹಾಲಿನ ಡೇರಿಗೆ ಹೋಗಿದ್ದ, ರಾಧಾ ಎಂಟರ ಬಸ್ಸಿಗೆ ಚೀಲ ಹೆಗಲಿಗೇರಿಸಿದ್ದಳು. ಮುಂದೆ ತಿಂಗಳುಗಟ್ಟಲೆ ಮನೆಯಲ್ಲಿ ಈ ಹೊತ್ತಿಗೆ ಇರುವವಳು ಒಬ್ಬಳೇ.

ಸುನಂದ ತಿಂಡಿ ತಟ್ಟೆಯನ್ನೂ ಮಾತ್ರೆಯನ್ನೂ ತಂದು ಎದುರಿಗೆ ನಿಂತಳು. ಆದಿಲಕ್ಷ್ಮಮ್ಮ ಮಗಳ ಮುಖ ನೋಡಿದರು. ರಾಧಾ ಬಗ್ಗಿ ಚಪ್ಪಲಿಯ ಪಟ್ಟಿ ಬಿಗಿಯತೊಡಗಿದಳು.

ಕೊನೆಗೆ ಅವರು ಸೊಸೆಯ ಮುಂದೆ ಅಂಗೈ ಚಾಚಿದರು.

"ಹಾಕು" ಎಂದರು. "ನೋಡ್ಕೊಂಡು ಹಾಕು."

"ನೋಡ್ಕೊಂಡೇ ಹಾಕ್ತೀನಿ ಅತ್ತೆ" ಎಂದಳು ಸುನಂದ, ಮಾತ್ರೆಯನ್ನು ಅಂಗೈ ಮಧ್ಯಕ್ಕೆ ಇಡುತ್ತಾ. "ಒಂದು ಚೂರು ಜಾಸ್ತಿ ಆದ್ರೂ ಡಬ್ಬಿ ಮತ್ತೆ ಕೋಲಾರದ ಬಸ್ಸು ಹತ್ತುತ್ತೆ."

ಆದಿಲಕ್ಷ್ಮಮ್ಮ ಮಾತ್ರೆ ನುಂಗಿದರು. ಆಮೇಲೆ ತಟ್ಟೆಯನ್ನು ಕಿಟಕಿಯ ಕಡೆಗೆ ಎಳೆದುಕೊಳ್ಳದೆ, ಅಲ್ಲೇ ಕೂತು ತಿನ್ನತೊಡಗಿದರು.