ಹನ್ನೊಂದನೇ ಮಹಡಿಯ ಶನಿವಾರ

ಲಿಫ್ಟಿನ ಬಾಗಿಲು ತೆರೆದಾಗ ಆರಿಫಾಳ ಮುಖಕ್ಕೆ ಬೆಚ್ಚಗಿನ ಗಾಳಿ ಬಡಿಯಿತು. ಜನವರಿಯ ಚಳಿ. ಜರ್ಸಿ ಸಿಟಿಯ ಆ ಕಚೇರಿ ಕಟ್ಟಡದ ಉಳಿದ ಮಹಡಿಗಳೆಲ್ಲ ರಜೆಯೆಂದು ತಣ್ಣಗೆ ಬಿದ್ದಿದ್ದರೆ, ಹನ್ನೊಂದನೆಯದು ಮಾತ್ರ ಬಾಣಂತಿ ಕೋಣೆಯ ಹಾಗಿತ್ತು. ಕಟ್ಟಡಗಳಲ್ಲಿ ವಿದ್ಯುತ್ತು ಎಲ್ಲಿ ಪೋಲಾಗುತ್ತಿದೆಯೆಂದು ಹುಡುಕಿ, ತಡೆಯುವ ದಾರಿ ಬರೆದುಕೊಡುವುದು ಅವಳ ಉದ್ಯೋಗ. ಎಂಟು ವಾರಗಳಿಂದ ಪ್ರತಿ ಶನಿವಾರ ಬೆಳಗ್ಗೆ ಹತ್ತಕ್ಕೆ ವಿದ್ಯುತ್ ಬಳಕೆಯ ಗ್ರಾಫಿನಲ್ಲಿ ಈ ಮಹಡಿಯ ಗೆರೆ ಮೇಲೇಳುತ್ತಿತ್ತು, ಮೂರಕ್ಕೆ ಇಳಿಯುತ್ತಿತ್ತು.

ನೂರಕ್ಕೂ ಹೆಚ್ಚು ಮೇಜುಗಳು. ಕಿಟಕಿಯ ಬದಿಯ ಒಂದರಲ್ಲಿ ಸ್ವೆಟರು ತೊಟ್ಟ ಹಿರಿಯರೊಬ್ಬರು ಕೂತಿದ್ದರು. ಅವರ ಕಂಪ್ಯೂಟರಿನಲ್ಲಿ ಕನ್ನಡ ಪತ್ರಿಕೆ ತೆರೆದಿತ್ತು.

“ಕನ್ನಡದೋರಾ ಸರ್?” ಎಂದಳು.

ಅವರು ಗಡಬಡಿಸಿ ಎದ್ದು ನಿಂತರು. ಹೆಸರು ದಿವಾಕರ, ಊರು ಧಾರವಾಡ, ಈ ವಿಮಾ ಕಂಪನಿಯಲ್ಲಿ ಹತ್ತೊಂಬತ್ತು ವರ್ಷದ ನೌಕರಿ. ಜೊತೆಯವರೆಲ್ಲ ಈಗ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಇವರೊಬ್ಬರೇ ವಾರದ ಐದು ದಿನವೂ ಬಂದು, ಆರನೆಯ ದಿನವೂ ಬರುತ್ತಿದ್ದರು. ಆರಿಫಾ ತಾನು ಬಂದ ಕಾರಣ ಹೇಳಿದಳು. ಅವರು ಬಂದೊಡನೆ ಒತ್ತುವ ಗೋಡೆಯ ಗುಂಡಿಯಿಂದ ಇಡೀ ಮಹಡಿಯ ಹೀಟಿಂಗು, ಫ್ಯಾನು, ದೀಪ ಎಲ್ಲವೂ ಶುರುವಾಗುತ್ತವೆ ಎಂದಳು. ಅದು ತಮ್ಮ ಮೂಲೆಗಷ್ಟೇ ಎಂದು ಅವರು ತಿಳಿದಿದ್ದರು.

“ಇಡೀ ಮಹಡಿಗೇನ್ರಿ?”

“ಹೂಂ ಸರ್.”

ದಿವಾಕರ ಎರಡು ಸಲ ಕ್ಷಮೆ ಕೇಳಿದರು. ಆಮೇಲೆ ನಿಧಾನಕ್ಕೆ ಹೇಳಿಕೊಂಡರು. ಮನೆ ಮ್ಯಾನ್‌ಹಟನ್‌ನ ಆಚೆ, ಜೆರಿಕೋ ಎಂಬ ಊರಿನಲ್ಲಿ. ಹಿಕ್ಸ್‌ವಿಲ್ ಸ್ಟೇಷನ್ನಿನವರೆಗೆ ಕಾರು, ಮ್ಯಾನ್‌ಹಟನ್‌ವರೆಗೆ ಒಂದು ರೈಲು, ಅಲ್ಲಿಂದ ಇನ್ನೊಂದು. ಹೋಗಿ ಬರುವುದಕ್ಕೇ ನಾಲ್ಕು ಗಂಟೆ. ಹೆಂಡತಿ ಕೌಸಲ್ಯಾ ತೀರಿಕೊಂಡು ಇದು ಎರಡನೆಯ ಚಳಿಗಾಲ.

“ಒಬ್ಬಾಂವಗ ಅಷ್ಟು ದೊಡ್ಡ ಮನಿ ಯಾಕ ಬಿಸಿ ಮಾಡೂದಂತ ಇಲ್ಲಿ ಬರ್ತಿದ್ದೆ,” ಎಂದರು. “ಈಗ ನೋಡಿದ್ರ ಅದಕ್ಕಿಂತ ದೊಡ್ಡದನ್ನ ಬಿಸಿ ಮಾಡೇನಿ.”

ಆರಿಫಾ ನಗಲಿಲ್ಲ. ಅವಳ ವರದಿಯಲ್ಲಿ ಶನಿವಾರ ಈ ಮಹಡಿ ಮುಚ್ಚುವುದೇ ಅತಿ ಸುಲಭದ ಸಲಹೆ. ಹೊಸ ಯಂತ್ರ ಬೇಡ, ರಿಪೇರಿ ಬೇಡ. ಆ ಒಂದು ಸಾಲನ್ನು ಬರೆಯದೆ ಬಿಟ್ಟರೆ ಯಾರೂ ಕೇಳುವವರಿರಲಿಲ್ಲ. ಬಿಟ್ಟುಬಿಡಲೇ ಎಂದು ಅವರನ್ನೇ ಕೇಳಿದಳು.

“ಬರೀರಿ. ನನ್ನ ಸಲುವಾಗಿ ಮುಚ್ಚಿಡಬ್ಯಾಡ್ರಿ.” ಕುರ್ಚಿಯಲ್ಲಿ ಮತ್ತೆ ಕೂರುತ್ತಾ ಅಂದರು, “ಅಲ್ಲ ತಂಗಿ, ಕೆಳಗ ಸೆಕ್ಯುರಿಟಿಗೆ ಒಂದು ಫೋನ್ ಮಾಡಿದ್ರೂ ಗೊತ್ತಾಗ್ತಿತ್ತಲ್ಲ. ಸೂಟಿ ದಿನ ನೀವ್ಯಾಕ ಬಂದ್ರಿ?”

ಆರಿಫಾ ಗಂಡನಿಂದ ಬೇರೆಯಾಗಿ ನಾಲ್ಕು ವರ್ಷ. ಶನಿವಾರ ಬಂತೆಂದರೆ ಅವಳು ಯಾವುದೋ ನೆಪ ತೆಗೆದು ಯಾವುದೋ ಕಟ್ಟಡಕ್ಕೆ ಹೋಗುತ್ತಿದ್ದಳು. ಇದನ್ನು ಈವರೆಗೆ ಯಾರೂ ಗಮನಿಸಿರಲಿಲ್ಲ, ಗಮನಿಸುವವರೂ ಇರಲಿಲ್ಲ.

“ಮನೇಲಿ ಏನೂ ಕೆಲಸ ಇರ್ಲಿಲ್ಲ ಅಂಕಲ್,” ಎಂದಳು.

ದಿವಾಕರ ತಮ್ಮ ಡಬ್ಬಿಯಲ್ಲಿದ್ದ ಅವಲಕ್ಕಿಯಲ್ಲಿ ಅರ್ಧವನ್ನು ಮುಚ್ಚಳಕ್ಕೆ ಹಾಕಿ ಅವಳತ್ತ ಸರಿಸಿದರು. ಹೊರಡುವಾಗ ಅವಳು ತನ್ನ ನಂಬರು ಬರೆದುಕೊಟ್ಟಳು.

ವರದಿ ಹೋಯಿತು. ಮಾರ್ಚಿನ ಹೊತ್ತಿಗೆ ಶನಿವಾರದ ಗೆರೆ ನೆಲಕ್ಕಂಟಿ ಮಲಗಿತು. ಕಟ್ಟಡದ ಮಾಲೀಕರಿಂದ ಮೆಚ್ಚುಗೆಯ ಇಮೇಲ್ ಬಂತು. ಅದಕ್ಕೆ ಉತ್ತರ ಬರೆಯಲು ಆರಿಫಾ ಎರಡು ದಿನ ತೆಗೆದುಕೊಂಡಳು.

ಏಪ್ರಿಲಿನ ಒಂದು ಶನಿವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ ಫೋನ್ ಬಂತು.

“ಏನಿಲ್ಲ, ಸುಮ್ನ ಮಾಡಿದೆ,” ಎಂದರು ದಿವಾಕರ. ಮನೆಯಲ್ಲೇ ಇದ್ದೇನೆ, ಈಗಷ್ಟೇ ಅನ್ನಕ್ಕಿಟ್ಟೆ ಎಂದರು. ತಾನು ಈರುಳ್ಳಿ ಹೆಚ್ಚುತ್ತಿದ್ದೇನೆ ಎಂದಳು ಆರಿಫಾ. ಚಳಿ ಕಡಿಮೆಯಾದ ಮಾತು ಬಂತು, ಹೋಯಿತು. ಅವಳು ಫೋನನ್ನು ಸ್ಪೀಕರಿಗೆ ಹಾಕಿ ಈರುಳ್ಳಿಯ ಪಕ್ಕದಲ್ಲಿಟ್ಟಳು. ಆ ಕಡೆ ನಲ್ಲಿ ತಿರುಗಿಸಿದ ಸದ್ದು, ಪಾತ್ರೆಯೊಂದನ್ನು ಇಟ್ಟ ಸದ್ದು, ಕುರ್ಚಿ ಎಳೆದ ಸದ್ದು. ಅವಳು ಮತ್ತೆ ಹೆಚ್ಚತೊಡಗಿದಳು. ಜೆರಿಕೋದಲ್ಲಿ ಕುಕ್ಕರ್ ಒಂದು ಸಲ ಕೂಗಿತು. ಇಬ್ಬರೂ ಫೋನ್ ಇಡಲಿಲ್ಲ.